ಹರ್ನಿಯಾ ಆಪರೇಷನ್ ಆದ್ಮೇಲೂ ಬಿಡದ ನರದ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ನಂಗೆ ಬಲಗಡೆ ತೊಡೆಸಂದಿನ ಹರ್ನಿಯಾಗೆ ಮೆಶ್ ಹಾಕಿ, ಅಂದ್ರೆ ಸಡಿಲವಾದ ಹೊಟ್ಟೆಗೋಡೆಗೆ ಬಲೆ ತರದ ತೇಪೆ ಕೂರಿಸಿ, ಆಪರೇಷನ್ ಮಾಡಿದ್ರು. ಗಾಯ ಎರಡು ವಾರಕ್ಕೆ ಮಾಯ್ತು, ನೋವು ಮಾತ್ರ ಒಂದೂವರೆ ವರ್ಷ ಬಿಡ್ಲಿಲ್ಲ. ಆಮೇಲೆ ಇದೇ ತೊಂದರೆ ಇರೋರು ಒಬ್ರ ಮೂಲಕ ಇನ್ನೊಬ್ರು ಫೋನ್ ಮಾಡಿ ಕೇಳೋಕೆ ಶುರು ಮಾಡಿದ್ರು, ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ. ನಾನು ಡಾಕ್ಟರ್ ಅಲ್ಲ, ಔಷಧಿ ಶುರು ಮಾಡೋದು ನಿಲ್ಸೋದು ನಿಮ್ಮ ಡಾಕ್ಟರ್ ಹೇಳಿದ ಮೇಲೇನೇ. ನಾನು ಒತ್ತಿ ಹೇಳೋದು ಒಂದೇ: ನೋವು ಯಾವ ನರದಿಂದ ಬರ್ತಿದೆ ಅಂತ ಗೊತ್ತಾಗೋ ಮುಂಚೆ ವಾಪಸ್ ತಿರುಗಿಸೋಕಾಗದ ಯಾವ ಟ್ರೀಟ್‌ಮೆಂಟಿಗೂ ಒಪ್ಕೋಬೇಡಿ.

## ಮೊದಲು ಗೊತ್ತಿರಬೇಕಾದ್ದು

ಆಪರೇಷನ್ ಆಗಿ ಎರಡು ತಿಂಗಳಾಯ್ತು, ಇನ್ನೂ ನೋವಿದೆ, ಇದು ನಾರ್ಮಲ್ಲಾ?

ಎರಡು ತಿಂಗಳಿಗೇ ಗಾಬರಿ ಆಗ್ಬೇಡಿ. ಮೂರು ತಿಂಗಳು ದಾಟಿದ ಮೇಲೂ ಇರೋ ನೋವನ್ನ ಮಾತ್ರ ದೀರ್ಘಕಾಲದ ನೋವು ಅಂತ ಲೆಕ್ಕ ಹಾಕ್ತಾರೆ. 2018ರಲ್ಲಿ ಬಂದ ಅಂತರರಾಷ್ಟ್ರೀಯ ಹರ್ನಿಯಾ ಮಾರ್ಗಸೂಚಿ ಪ್ರಕಾರ ಆಪರೇಷನ್ ಆದವರಲ್ಲಿ ಶೇಕಡಾ 10ರಿಂದ 12ರಷ್ಟು ಜನಕ್ಕೆ ಗಮನ ಕೊಡಲೇಬೇಕಾದ ನೋವು ಉಳಿಯತ್ತೆ, ದಿನದ ಕೆಲಸಕ್ಕೇ ಅಡ್ಡ ಬರೋ ಮಟ್ಟದ ನೋವು ಶೇಕಡಾ 0.5ರಿಂದ 6ರಷ್ಟು ಜನಕ್ಕೆ. ಬಹಳಷ್ಟು ಜನಕ್ಕೆ ಕಾಲ ಕಳೆದ ಹಾಗೆ ತಾನಾಗೇ ಕಮ್ಮಿ ಆಗ್ತಾ ಹೋಗತ್ತೆ. ವಯಸ್ಸು ಚಿಕ್ಕದಿದ್ದವರಿಗೆ, ಹೆಂಗಸರಿಗೆ, ಆಪರೇಷನ್‌ಗೆ ಮುಂಚೆನೇ ಜಾಸ್ತಿ ನೋವಿದ್ದವರಿಗೆ, ಆಪರೇಷನ್ ಆದ ಮೊದಲ ದಿನಗಳಲ್ಲಿ ತುಂಬಾ ನೋವು ಅನುಭವಿಸಿದವರಿಗೆ, ಅದೇ ಜಾಗಕ್ಕೆ ಎರಡನೇ ಸಲ ಆಪರೇಷನ್ ಆದವರಿಗೆ ಇದು ಉಳಿಯೋ ಸಾಧ್ಯತೆ ಜಾಸ್ತಿ.

ಇದು ನರದ ನೋವೇ ಅಂತ ಹೇಗೆ ಗೊತ್ತಾಗತ್ತೆ?

ನೋವಿನ ರೀತಿಯಲ್ಲೇ ಗೊತ್ತಾಗತ್ತೆ. ಉರಿ, ಕರೆಂಟ್ ಶಾಕ್ ಹೊಡೆದ ಹಾಗೆ ಚಳಕು, ಸೂಜಿ ಚುಚ್ಚಿದ ಹಾಗೆ, ತೊಡೆಸಂದಿನಿಂದ ಶುರುವಾಗಿ ಕೆಳಗೆ ತೊಡೆ ಒಳಭಾಗಕ್ಕೋ ವೃಷಣದ ಕಡೆಗೋ ಓಡೋದು. ಅದೇ ಜಾಗದಲ್ಲಿ ಒಂದು ಕಡೆ ಮರಗಟ್ಟಿರತ್ತೆ, ಪಕ್ಕದಲ್ಲೇ ಎರಡು ಬೆರಳಿನಷ್ಟು ದೂರದಲ್ಲಿ ಬಟ್ಟೆ ತಾಗಿದ್ರೂ ಸಹಿಸೋಕಾಗಲ್ಲ. ನಂಗೆ ಚಡ್ಡಿಯ ಇಲಾಸ್ಟಿಕ್ಕೇ ಶತ್ರು ಆಗಿತ್ತು, ಕಾರಲ್ಲಿ ಸೀಟ್ ಬೆಲ್ಟ್ ಕೆಳಗೆ ಒಂದು ಕೈ ಇಟ್ಕೊಂಡೇ ಕೂರ್ತಿದ್ದೆ.

ಇನ್ನೊಂದು ತರ ನೋವಿದೆ, ಮೆಶ್ ಅಥವಾ ಗಾಯದ ಗಡಸು ಅಂಗಾಂಶ ಎಳೆಯೋದ್ರಿಂದ ಬರೋದು. ಅದು ಮಂದವಾಗಿ, ಒತ್ತಿದ ಹಾಗೆ, ಬಗ್ಗಿದಾಗ ಭಾರ ಎತ್ತಿದಾಗ ಹೆಚ್ಚಾಗತ್ತೆ, ಉರಿ ಇರಲ್ಲ. ಎರಡೂ ಸೇರಿಕೊಂಡೂ ಬರ್ತವೆ, ಆಗ ಬಿಡಿಸಿ ನೋಡೋದು ಸ್ವಲ್ಪ ಕಷ್ಟ. ಆದ್ರೂ ಬಿಡಿಸಿ ನೋಡಲೇಬೇಕು, ಯಾಕಂದ್ರೆ ಎರಡಕ್ಕೂ ಔಷಧಿ ಬೇರೆ ಬೇರೆ.

ಹರ್ನಿಯಾ ಸರಿ ಮಾಡೋಕೆ ಹೋಗಿ ನರಕ್ಕೆ ಯಾಕೆ ಪೆಟ್ಟು ಬಿತ್ತು? ಡಾಕ್ಟರ್ ತಪ್ಪಾ?

ಆ ಜಾಗದಲ್ಲಿ ಮೂರು ಸಣ್ಣ ನರ ಹಾದು ಹೋಗ್ತವೆ. ಇಲಿಯೋಇಂಗ್ವಿನಲ್, ಇಲಿಯೋಹೈಪೋಗ್ಯಾಸ್ಟ್ರಿಕ್, ಮತ್ತೆ ಜೆನಿಟೋಫೆಮರಲ್ ನರದ ಜೆನಿಟಲ್ ಕವಲು. ಮೂರೂ ಸೊಂಟದ ಮೇಲ್ಭಾಗದ ಬೆನ್ನುಮೂಳೆಯಿಂದಲೇ ಹೊರಡೋದು. ತೆರೆದು ಮಾಡೋ ಆಪರೇಷನ್‌ನಲ್ಲಿ ಹೊಲಿಗೆಗೆ ನರ ಸಿಕ್ಕಿಕೊಳ್ಳಬಹುದು, ಎಳೆತಕ್ಕೆ ಪೆಟ್ಟಾಗಬಹುದು, ತಿಂಗಳುಗಳ ಮೇಲೆ ಮೆಶ್ ಸುತ್ತ ಬೆಳೆಯೋ ಗಡಸು ಅಂಗಾಂಶದೊಳಗೆ ಸಿಕ್ಕಿ ಒತ್ತಿಸಿಕೊಳ್ಳಬಹುದು. ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್) ಮೆಶ್ ನಿಲ್ಸೋಕೆ ಹೊಡೆಯೋ ಪುಟ್ಟ ಮೊಳೆ ತರದ ಟ್ಯಾಕ್ ತಪ್ಪು ಜಾಗಕ್ಕೆ ಬಿದ್ರೆ ತೊಡೆಯ ಹೊರಗಡೆ ಚರ್ಮದ ನರಕ್ಕೂ ತಾಗಬಹುದು. ಈ ನರಗಳ ದಾರಿ ಎಲ್ಲರಲ್ಲೂ ಒಂದೇ ತರ ಇರಲ್ಲ, ಅದಕ್ಕೆ ಹುಷಾರಾಗಿ ಮಾಡಿದ ಆಪರೇಷನ್‌ನಲ್ಲೂ ಹೀಗಾಗತ್ತೆ. ತಪ್ಪು ಯಾರದ್ದು ಅನ್ನೋದರ ಹಿಂದೆ ಬಿದ್ದು ನಾನು ನಾಲ್ಕು ತಿಂಗಳು ಕಳ್ಕೊಂಡೆ, ಆ ನಾಲ್ಕು ತಿಂಗಳಲ್ಲಿ ಟ್ರೀಟ್‌ಮೆಂಟ್ ಶುರು ಮಾಡಬಹುದಿತ್ತು.

ಸ್ಕ್ಯಾನ್ ಎಲ್ಲಾ ನಾರ್ಮಲ್ ಬಂದಿದೆ, ಮನೇಲಿ ಎಲ್ಲರೂ ನಿಂಗೆ ಭ್ರಮೆ ಅಂತಾರೆ, ಏನ್ ಮಾಡ್ಲಿ?

ಅಲ್ಟ್ರಾಸೌಂಡು, ಎಂಆರ್‌ಐ ಮಾಡಿಸೋದು ಹರ್ನಿಯಾ ಮತ್ತೆ ಬಂದಿದ್ಯಾ, ಮೆಶ್ ಮಡಚಿ ಗಂಟಾಗಿದ್ಯಾ, ಕೀವು ಕಟ್ಟಿದ್ಯಾ, ನೋವು ಸೊಂಟದ ಕೀಲಿಂದಲೋ ಬೆನ್ನಿನ ಡಿಸ್ಕಿಂದಲೋ ಬರ್ತಿದ್ಯಾ ಅಂತ ನೋಡೋಕೆ. ನೂಲಿನಂಥ ನರ ಸಿಕ್ಕಿಕೊಂಡಿದ್ದು ಅದರಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ಹಾಗಾಗಿ ಸ್ಕ್ಯಾನ್ ನಾರ್ಮಲ್ ಅಂದ್ರೆ ನೋವಿಲ್ಲ ಅಂತ ಅರ್ಥ ಅಲ್ಲ.

ನಂಗೆ ದಾರಿ ತೋರಿಸಿದ್ದು ಯಾವ ಮೆಷಿನ್ನೂ ಅಲ್ಲ, ಒಂದು ಹತ್ತಿ ಕಡ್ಡಿ ಮತ್ತೆ ಒಂದು ಬಾಲ್ ಪೆನ್ನು. ಪೇನ್ ಕ್ಲಿನಿಕ್ಕಿನ ಡಾಕ್ಟರ್ ಮಲಗಿಸಿ, ಹೊಕ್ಕಳ ಕೆಳಗಿಂದ ಹತ್ತಿ ಕಡ್ಡಿ ಆಡಿಸ್ತಾ ಬಂದು, ಸ್ಪರ್ಶ ಕಮ್ಮಿ ಅನಿಸಿದ ಕಡೆ ಚುಕ್ಕಿ, ಉರಿದ ಕಡೆ ಗೆರೆ, ಚುಚ್ಚಿದ ಕಡೆ ಗುಣಿಸು ಗುರುತು ಹಾಕ್ತಾ ಹೋದ್ರು, ಕೊನೆಗೆ ತೊಡೆಸಂದಲ್ಲಿ ಒಂದು ಮ್ಯಾಪೇ ಆಯ್ತು. ಆಮೇಲೆ ಗಾಯದ ಗುರುತಿನ ಹೊರತುದಿ ಹತ್ತಿರ ಬೆರಳಿಂದ ತಟ್ಟಿದ್ರು ನೋಡಿ, ವೃಷಣದ ಬುಡದ ತನಕ ಶಾಕ್ ಹೊಡೀತು. ಆ ಮ್ಯಾಪನ್ನ ಫೋಟೋ ತೆಗೆದು ಮನೇಲಿ ತೋರಿಸಿದೆ, ಆಮೇಲೆ ಯಾರೂ ಭ್ರಮೆ ಅನ್ಲಿಲ್ಲ. ನಿಮ್ಮ ಡಾಕ್ಟರಿಗೂ ಕೇಳಿ, ಹೀಗೆ ಗುರುತು ಮಾಡಿ ನೋಡ್ತೀರಾ ಅಂತ.

ಯಾವಾಗ ಕಾಯ್ತಾ ಕೂರಬಾರದು?

ಅರಿವಳಿಕೆ ಇಳಿದ ತಕ್ಷಣವೇ ವಿಪರೀತ ಚಳಕು ಶುರುವಾಗಿ ಮಾತ್ರೆಗೆ ಬಗ್ಗದೇ ಇದ್ರೆ ಹೊಲಿಗೆ ಅಥವಾ ಟ್ಯಾಕ್ ನೇರವಾಗಿ ನರವನ್ನೇ ಹಿಡಿದಿರಬಹುದು, ಅದನ್ನ ಆಗಿಂದಾಗ್ಲೇ ಸರ್ಜನ್‌ಗೆ ಹೇಳಿ, ತಿಂಗಳುಗಟ್ಟಲೆ ಕಾಯಿರಿ ಅನ್ನೋ ಮಾತು ಇದಕ್ಕೆ ಅನ್ವಯ ಆಗಲ್ಲ. ಜ್ವರ, ಗಾಯ ಕೆಂಪಾಗಿ ಕೀವು, ಮತ್ತೆ ಉಬ್ಬಿ ಒಳಗೆ ಹೋಗದ ಗಂಟು ಜೊತೆಗೆ ವಾಂತಿ, ದಿಢೀರ್ ವೃಷಣ ಊದಿ ನೋವು, ಮೂತ್ರ ಕಟ್ಟೋದು, ಒಂದೇ ಕಾಲು ಊದೋದು, ಇವಕ್ಕೆಲ್ಲ ಅವತ್ತೇ ಆಸ್ಪತ್ರೆಗೆ.

## ಮಾತ್ರೆ, ಪ್ಯಾಚು, ವ್ಯಾಯಾಮ

ಪೇನ್ ಕಿಲ್ಲರ್ ತಿಂದು ತಿಂದು ಹೊಟ್ಟೆ ಹಾಳಾಯ್ತು, ನೋವು ಹೋಗ್ತಿಲ್ಲ ಯಾಕೆ?

ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದವು ಊತ ಇಳಿಸೋ ಮಾತ್ರೆಗಳು. ನರ ತಾನೇ ತಪ್ಪು ಸಿಗ್ನಲ್ ಕಳಿಸ್ತಿದ್ರೆ ಅಲ್ಲಿ ಇಳಿಸೋಕೆ ಊತ ಎಲ್ಲಿದೆ? ಮೊದಲ ಕೆಲವು ವಾರ ಇವು ಬೇಕು, ಆಮೇಲೆ ನರದ ನೋವಿಗೆ ಇವನ್ನೇ ನುಂಗ್ತಾ ಇದ್ರೆ ಹೊಟ್ಟೆ, ಕಿಡ್ನಿ ಹಾಳಾಗೋದೇ ಲಾಭ.

ನಂಗೆ ಡಿಪ್ರೆಶನ್ ಮಾತ್ರೆ ಬರೆದಿದ್ದಾರೆ, ನಂಗೇನು ತಲೆ ಕೆಟ್ಟಿದ್ಯಾ?

ಇಲ್ಲ, ಖಂಡಿತ ಇಲ್ಲ. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಇವೆಲ್ಲ ಹುಟ್ಟಿದ್ದು ಖಿನ್ನತೆಗೆ, ಆದ್ರೆ ಮೆದುಳಿಂದ ಬೆನ್ನುಹುರಿಗೆ ಇಳಿಯೋ ನೋವು ತಡೆಯೋ ವ್ಯವಸ್ಥೆಯನ್ನ ಇವು ಗಟ್ಟಿ ಮಾಡ್ತವೆ ಅಂತ ಗೊತ್ತಾದ ಮೇಲೆ ನರದ ನೋವಿಗೆ ಮೊದಲ ಸಾಲಿನ ಔಷಧಿ ಆಗಿವೆ. ಡೋಸ್ ನೋಡಿದ್ರೇ ಗೊತ್ತಾಗತ್ತೆ, ನೋವಿಗೆ ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡ್ತಾರೆ, ಖಿನ್ನತೆಗೆ ಕೊಡೋದು ಅದರ ಎಷ್ಟೋ ಪಟ್ಟು. ಬಾಯಿ ಒಣಗೋದು, ಮಲಬದ್ಧತೆ, ಬೆಳಿಗ್ಗೆ ಮಂಪರು ಇರತ್ತೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ತೊಂದರೆ), ಹೃದಯದ ಬಡಿತದ ತೊಂದರೆ ಇದ್ರೆ ಡಾಕ್ಟರಿಗೆ ಮೊದಲೇ ಹೇಳಿ, ಅವರು ಕೇಳಲಿ ಅಂತ ಕಾಯ್ಬೇಡಿ. ಡುಲಾಕ್ಸೆಟಿನ್‌ಗೆ ಮೊದಲ ವಾರ ವಾಕರಿಕೆ ಜಾಸ್ತಿ, ಊಟ ಆದ್ಮೇಲೆ ತಗೊಂಡ್ರೆ ತಡ್ಕೋಬಹುದು.

ಇವು ನುಂಗಿದ ಅರ್ಧ ಗಂಟೆಗೆ ಕೆಲಸ ಮಾಡೋ ಮಾತ್ರೆಗಳಲ್ಲ. ಸರಿಯಾದ ಡೋಸ್‌ಗೆ ಬಂದು ನಾಲ್ಕರಿಂದ ಎಂಟು ವಾರ ಆಗೋ ತನಕ ಕೆಲಸ ಮಾಡತ್ತಾ ಇಲ್ವಾ ಅಂತ ತೀರ್ಮಾನ ಮಾಡೋಕಾಗಲ್ಲ, ನಾಲ್ಕನೇ ದಿನಕ್ಕೆ ಕಸದ ಬುಟ್ಟಿಗೆ ಎಸೆದವರನ್ನ ಎಷ್ಟೋ ಜನ ನೋಡಿದೀನಿ.

ಪ್ರೆಗಾಬಲಿನ್ ತಗೊಂಡ್ರೆ ತಲೆ ಸುತ್ತತ್ತೆ, ನಿಲ್ಲಿಸಿಬಿಡ್ಲಾ?

ಪಟ್ ಅಂತ ನಿಲ್ಲಿಸ್ಬೇಡಿ. ಪ್ರೆಗಾಬಲಿನ್, ಗಾಬಾಪೆಂಟಿನ್ ಎರಡೂ ಮೂರ್ಛೆರೋಗದ ಔಷಧಿಗಳು, ನರದ ತುದಿಯಿಂದ ಹೊರಡೋ ಸಿಗ್ನಲ್ ತಗ್ಗಿಸ್ತವೆ. ಹಠಾತ್ ನಿಲ್ಲಿಸಿದ್ರೆ ನಿದ್ದೆ ಕೆಡೋದು, ಬೆವರು, ಗಾಬರಿ, ನೋವು ಇಮ್ಮಡಿ ಆಗೋದು ಎಲ್ಲಾ ಬರತ್ತೆ, ಕಮ್ಮಿ ಅಂದ್ರೆ ಒಂದು ವಾರ ಹಿಡಿದು ನಿಧಾನವಾಗಿ ಇಳಿಸ್ತಾರೆ. ತಲೆಸುತ್ತು ಬಂದ್ರೆ ಡೋಸ್ ಇಳಿಸಿ ಮತ್ತೆ ನಿಧಾನಕ್ಕೆ ಏರಿಸೋದು ಒಂದು ದಾರಿ, ದೊಡ್ಡ ಪಾಲು ರಾತ್ರಿಗೆ ಹಾಕೋದು ಇನ್ನೊಂದು. ಕಾಲು ಊದೋದು, ತೂಕ ಏರೋದೂ ಇದೆ. ಕಿಡ್ನಿ ಕೆಲಸ ಕಮ್ಮಿ ಇರೋರಿಗೆ ಡೋಸ್ ಬೇರೆ ಲೆಕ್ಕ. ಇದರ ಜೊತೆ ಮದ್ಯ, ನಿದ್ದೆ ಮಾತ್ರೆ, ಅಫೀಮು ಜಾತಿಯ ನೋವು ಮಾತ್ರೆ ಸೇರಿದ್ರೆ ಉಸಿರಾಟವೇ ಕುಗ್ಗಬಹುದು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ.

ಟ್ರಮಡಾಲ್ ಒಂದೇ ನಂಗೆ ಆಗಿಬರೋದು, ದಿನಾ ತಗೋಬಹುದಾ?

ಅದು ಅಫೀಮು ಜಾತಿಯ ನೋವು ಮಾತ್ರೆ, ಎರಡನೇ ಸಾಲಿನ ಔಷಧಿ, ತಡೆಯೋಕಾಗದ ದಿನಗಳಿಗೆ ಸ್ವಲ್ಪ ಕಾಲ ಅಂತ ಕೊಡೋದು. ದೇಹ ಒಗ್ಗಿಕೊಂಡು ಡೋಸ್ ಜಾಸ್ತಿ ಕೇಳತ್ತೆ, ಚಟ ಆಗತ್ತೆ. ಮಲಬದ್ಧತೆ ಬೇರೆ, ಹರ್ನಿಯಾ ಆದವರು ಮುಕ್ಕಬೇಕಾಗಿ ಬರೋದು ಯಾರಿಗೆ ಬೇಕು. ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ತಗೋತಿದ್ರೆ ಟ್ರಮಡಾಲ್ ಸೇರಿಸೋಕೆ ಮುಂಚೆ ಕೇಳಲೇಬೇಕು, ಸೆರೊಟೋನಿನ್ ಅನ್ನೋ ನರಗಳ ರಾಸಾಯನಿಕ ಮಿತಿಮೀರಿ ಜ್ವರ, ನಡುಕ, ಗೊಂದಲ ಬರೋ ಅಪಾಯ ಇದೆ.

ಚರ್ಮಕ್ಕೆ ಅಂಟಿಸೋ ಪ್ಯಾಚ್ ಬರತ್ತಂತೆ, ಅದು ಚೆನ್ನಾಗಿರತ್ತಾ?

5 ಶೇಕಡಾ ಲಿಡೋಕೇನ್ ಪ್ಯಾಚು ಮತ್ತೆ 8 ಶೇಕಡಾ ಕ್ಯಾಪ್ಸೈಸಿನ್ ಪ್ಯಾಚು ಅಂತ ಎರಡಿವೆ. ಎರಡನೇದು ಮೆಣಸಿನಕಾಯಿಯ ಖಾರದ ಅಂಶ, ಆಸ್ಪತ್ರೆಯಲ್ಲೇ ಹಾಕಿ ತೆಗೀತಾರೆ, ಹಾಕಿದಾಗ ಚೆನ್ನಾಗಿ ಉರಿಯತ್ತೆ. ಚರ್ಮದ ಮೇಲಿನ ಉರಿ, ಬಟ್ಟೆ ತಾಗಿದ್ರೆ ಆಗೋ ನೋವಿಗೆ ಪ್ರಯತ್ನ ಮಾಡಬಹುದು, ಮೈಗೆಲ್ಲ ಹೋಗದೇ ಇರೋದ್ರಿಂದ ವಯಸ್ಸಾದವರಿಗೆ ಸುಲಭ. ಹಾಗಂತ ತುಂಬಾ ನಿರೀಕ್ಷೆ ಇಟ್ಕೋಬೇಡಿ, ಹರ್ನಿಯಾ ನಂತರದ ನೋವಿಗೆ ಅಂತಲೇ ಪರೀಕ್ಷೆ ಮಾಡಿದಾಗ ಇವು ಅಷ್ಟೇನೂ ಗೆದ್ದಿಲ್ಲ. ಗಾಯ ಪೂರ್ತಿ ಮಾಯದ ಚರ್ಮಕ್ಕೆ ಹಚ್ಚಬಾರದು.

ನೋವಿರೋವಾಗ ನಡೀಬೇಕಾ, ರೆಸ್ಟ್ ಮಾಡ್ಬೇಕಾ? ಮೆಶ್ ಕಿತ್ಕೊಂಡು ಬಿಟ್ರೆ?

ನಡೀರಿ. ಮೂರು ತಿಂಗಳು ದಾಟಿದ ಮೆಶ್ಶನ್ನ ಸುತ್ತಲಿನ ಅಂಗಾಂಶ ಹಿಡಿದುಕೊಂಡಿರತ್ತೆ, ನಡೆದ ಮಾತ್ರಕ್ಕೆ ಅದು ಕಿತ್ತು ಬರಲ್ಲ. ನೋವಿಗೆ ಹೆದರಿ ನಾನು ಆರು ತಿಂಗಳು ಬಲಗಾಲು ಮಡಚಿ ಸೊಂಟ ಓರೆ ಮಾಡ್ಕೊಂಡು ನಡೆದೆ, ಆಮೇಲೆ ಸೊಂಟನೋವು ಅಂತ ಇನ್ನೊಂದು ಸೇರ್ಕೊಂಡಿತು. ಫಿಸಿಯೋ ಮೊದಲು ಕಲಿಸಿದ್ದು ಉಸಿರು, ಮಲಗಿ ಹೊಟ್ಟೆ ತುಂಬಾ ಉಸಿರು ತಗೊಂಡು ಬಿಗಿಹಿಡಿದ ಸ್ನಾಯುಗಳನ್ನ ಬಿಡೋದು. ಆಮೇಲೆ ನಡಿಗೆ, ದಿನಾ ಇಷ್ಟೇ ನಿಮಿಷ ಅಂತ. ಚೆನ್ನಾಗಿದ್ದ ದಿನ ಜಾಸ್ತಿ ಇಲ್ಲ, ಕೆಟ್ಟ ದಿನ ಪೂರ್ತಿ ಬಿಡೋದಿಲ್ಲ, ವಾರಕ್ಕೊಮ್ಮೆ ಸ್ವಲ್ಪ ಏರಿಸೋದು.

ಚರ್ಮ ಸ್ಪರ್ಶ ತಡೆಯದಿದ್ರೆ ಅದಕ್ಕೂ ಅಭ್ಯಾಸ ಇದೆ. ಮೊದಲು ರೇಷ್ಮೆ ಬಟ್ಟೆ, ಆಮೇಲೆ ಹತ್ತಿ ಬಟ್ಟೆ, ಆಮೇಲೆ ಟವೆಲ್, ದಿನಕ್ಕೆ ಮೂರು ನಾಲ್ಕು ಸಲ ಒಂದೆರಡು ನಿಮಿಷ ನಿಧಾನವಾಗಿ ಆಡಿಸ್ಬೇಕು. ನೋವು ಹಳೇದಾದಷ್ಟೂ ಬೆನ್ನುಹುರಿ, ಮೆದುಳು ಸಣ್ಣ ಸ್ಪರ್ಶವನ್ನೂ ಅಪಾಯ ಅಂತ ಓದೋಕೆ ಕಲ್ತಿರ್ತವೆ, ಇದು ಆ ಕಲಿಕೆಯನ್ನ ಅಳಿಸೋ ಕೆಲಸ. ನೋವಿನ ಬಗ್ಗೆ ಕೌನ್ಸೆಲಿಂಗ್ ಮಾಡೋ ಸೈಕಾಲಜಿಸ್ಟ್ ಹತ್ರ ಹೋಗೋದೂ ಇದರದೇ ಭಾಗ, ನಾಚಿಕೆ ಪಡಬೇಕಾದ್ದೇನಿಲ್ಲ.

## ಸೂಜಿ ಮತ್ತು ಮೆಷಿನ್

ನರ್ವ್ ಬ್ಲಾಕ್ ಅಂದ್ರೆ ಏನು, ಒಂದು ಇಂಜೆಕ್ಷನ್‌ಗೆ ವಾಸಿ ಆಗತ್ತಾ?

ಅಲ್ಟ್ರಾಸೌಂಡ್ ನೋಡ್ತಾ ನರದ ಪಕ್ಕಕ್ಕೆ ಸೂಜಿ ಇಟ್ಟು ಲಿಡೋಕೇನ್ ಅಥವಾ ಬ್ಯುಪಿವಕೇನ್ ತರದ ಮರಗಟ್ಟಿಸೋ ಔಷಧಿ, ಕೆಲವೊಮ್ಮೆ ಜೊತೆಗೆ ಸ್ಟೀರಾಯ್ಡ್ ಬಿಡ್ತಾರೆ. ನನ್ನ ಪ್ರಕಾರ ಈ ಇಡೀ ದಾರಿಯಲ್ಲಿ ಅತೀ ಮುಖ್ಯವಾದ ಹೆಜ್ಜೆ ಇದು, ಯಾಕಂದ್ರೆ ಇದು ಟ್ರೀಟ್‌ಮೆಂಟೂ ಹೌದು, ಪರೀಕ್ಷೆಯೂ ಹೌದು. ಆ ನರ ಮರಗಟ್ಟಿದಾಗ ನೋವು ಹೋಯ್ತು ಅಂದ್ರೆ ಕಳ್ಳ ಸಿಕ್ಕಿದ ಹಾಗೆ. ಚರ್ಮ ಮರಗಟ್ಟಿದೆ, ನೋವು ಮಾತ್ರ ಹಾಗೇ ಇದೆ ಅಂದ್ರೆ ಬೇರೆ ನರ, ಅಥವಾ ಸಮಸ್ಯೆ ನರದ್ದೇ ಅಲ್ಲ.

ನಂಗೆ ಮೊದಲ ಬ್ಲಾಕ್ ಆದ ದಿನ ಮಂಚದ ತುದಿಗೆ ಕೂತು ಬಗ್ಗಿ ಶೂ ಲೇಸ್ ಕಟ್ಟಿದೆ. ಎಂಟು ತಿಂಗಳಲ್ಲಿ ಮೊದಲ ಸಲ. ಕಟ್ಟಿ ಆದ್ಮೇಲೆ ಬಿಚ್ಚಿ ಇನ್ನೊಂದು ಸಲ ಕಟ್ಟಿದೆ, ಕಣ್ಣಲ್ಲಿ ನೀರು ಬಂತು. ಐದು ಗಂಟೆ ಆದ್ಮೇಲೆ ನೋವು ವಾಪಸ್ ಬಂತು, ಆದ್ರೆ ಯಾವ ನರ ಅಂತ ಗೊತ್ತಾಗಿತ್ತು. ಎರಡನೇದು ಮೂರು ವಾರ ತಡೀತು, ಮೂರನೇದು ಎರಡು ತಿಂಗಳು. ಎಲ್ಲರಿಗೂ ಹೀಗೇ ಉದ್ದ ಆಗ್ತಾ ಹೋಗಲ್ಲ, ಕೆಲವರಿಗೆ ಪ್ರತಿ ಸಲ ಕೆಲವೇ ಗಂಟೆ. ಬ್ಲಾಕ್ ಆದ ದಿನ ಒಂದು ಪೇಪರಲ್ಲಿ ಗಂಟೆಗೊಂದು ಸಲ ನೋವಿಗೆ ಹತ್ತಕ್ಕೆ ಎಷ್ಟು ಅಂತ ಬರೆದಿಡಿ, ಕೂತು, ಎದ್ದು, ಮೆಟ್ಟಿಲು ಹತ್ತಿ ನೋಡಿ, ಮುಂದಿನ ತೀರ್ಮಾನಕ್ಕೆಲ್ಲ ಆ ಪೇಪರ್ರೇ ಆಧಾರ. ತೊಡೆ ಸ್ನಾಯು ಕೆಲವು ಗಂಟೆ ಸೋತ ಹಾಗಿರಬಹುದು, ಅವತ್ತು ಗಾಡಿ ಓಡಿಸ್ಬೇಡಿ. ರಕ್ತ ತೆಳು ಮಾಡೋ ಮಾತ್ರೆ, ಶುಗರ್ ಇದ್ರೆ ಮೊದಲೇ ಹೇಳಿ, ಸ್ಟೀರಾಯ್ಡ್‌ಗೆ ಶುಗರ್ ಏರತ್ತೆ.

ರೇಡಿಯೋಫ್ರೀಕ್ವೆನ್ಸಿ ಮಾಡಿದ್ರೆ ನರ ಸುಟ್ಟು ಹೋಗತ್ತಾ?

ಇದು ಸೂಜಿ ಮೂಲಕ ನರದ ಹತ್ರ ಕರೆಂಟ್ ಕೊಡೋ ಪದ್ಧತಿ. ಎರಡು ತರ ಇದೆ, ಹೆಸರು ಕೇಳಿ ಗೊಂದಲ ಮಾಡ್ಕೋಬೇಡಿ. ಪಲ್ಸ್ಡ್ ಅನ್ನೋದರಲ್ಲಿ ಕರೆಂಟನ್ನ ಬಿಟ್ಟು ಬಿಟ್ಟು ಕೊಡ್ತಾರೆ, ಸೂಜಿ ತುದಿಯ ಬಿಸಿ 42 ಡಿಗ್ರಿ ದಾಟದ ಹಾಗೆ ನೋಡ್ಕೋತಾರೆ, ನರ ಸುಡಲ್ಲ, ಅದರ ಸಿಗ್ನಲ್ ತಗ್ಗತ್ತೆ. ಇನ್ನೊಂದರಲ್ಲಿ 80 ಡಿಗ್ರಿ ಆಸುಪಾಸು ಬಿಸಿ ಮಾಡಿ ನರದ ಭಾಗವನ್ನ ನಿಜವಾಗ್ಲೂ ಸುಡ್ತಾರೆ. ಹೆಪ್ಪುಗಟ್ಟಿಸೋ ಕ್ರಯೋ ಪದ್ಧತಿನೂ ಇದೆ. ಬ್ಲಾಕ್‌ಗೆ ಚೆನ್ನಾಗಿ ಕಮ್ಮಿ ಆಗಿ ಮತ್ತೆ ಬರ್ತಿರೋರಿಗೆ ಇವು ಮುಂದಿನ ಹೆಜ್ಜೆ, ಬ್ಲಾಕ್‌ಗೇ ಏನೂ ಆಗದವರಿಗೆ ಮಾಡಿ ಪ್ರಯೋಜನ ಇಲ್ಲ. ತಿಂಗಳುಗಟ್ಟಲೆ ಆರಾಮ ಸಿಗಬಹುದು, ನರ ಮತ್ತೆ ಚಿಗುರಿದ್ರೆ ನೋವೂ ವಾಪಸ್ ಬರಬಹುದು. ಇದರ ಮೇಲೆ ದೊಡ್ಡ ದೊಡ್ಡ ಅಧ್ಯಯನಗಳು ಕಮ್ಮಿ ಅನ್ನೋದನ್ನೂ ತಲೇಲಿ ಇಟ್ಕೊಂಡು ನಿರ್ಧಾರ ಮಾಡಿ.

ಮೈಯೊಳಗೆ ಬ್ಯಾಟರಿ ಇಡ್ತಾರಂತೆ, ಅದು ಯಾರಿಗೆ?

ಮಾತ್ರೆ, ಬ್ಲಾಕ್ ಯಾವುದಕ್ಕೂ ನೋವು ನಿಲ್ಲದವರಿಗೆ. ತೆಳು ತಂತಿಯನ್ನ ಆ ನರದ ಪಕ್ಕ, ಅಥವಾ ಬೆನ್ನುಹುರಿ ಹತ್ರ, ಅಥವಾ ನರದ ಬೇರಿನ ಗಂಟಿನ ಹತ್ರ ಇಟ್ಟು ಸಣ್ಣ ಕರೆಂಟ್ ಕೊಡ್ತಾರೆ. ಒಳ್ಳೇದು ಏನಂದ್ರೆ ಮೊದಲು ಕೆಲವು ದಿನ ಬ್ಯಾಟರಿ ಹೊರಗಿಟ್ಟೇ ಟ್ರಯಲ್ ಮಾಡ್ತಾರೆ, ನೋವು ಅರ್ಧಕ್ಕರ್ಧ ಆದ್ರೂ ಇಳಿದ್ರೆ ಮಾತ್ರ ಒಳಗೆ ಕೂರಿಸೋದು, ಬೇಡ ಅಂದ್ರೆ ತೆಗೆಯೋಕೂ ಆಗತ್ತೆ. ತಂತಿ ಜರುಗೋದು, ಸೋಂಕು ಆಗೋದು ಇದರ ತೊಂದರೆ. ಎಂಆರ್‌ಐ ಮಾಡಿಸಬಹುದಾದ ಮಾಡೆಲ್ಲಾ ಅಂತ ಮೊದಲೇ ಕೇಳಿ.

## ಮತ್ತೆ ಆಪರೇಷನ್

ನರ ಕತ್ತರಿಸಿಬಿಟ್ರೆ ನೋವು ಹೋಗತ್ತಂತೆ, ಮಾಡಿಸಿಬಿಡ್ಲಾ?

ಮಾಡಿಸಿಬಿಡ್ಲಾ ಅನ್ನೋ ತರದ ನಿರ್ಧಾರ ಅಲ್ಲ ಇದು. ಕತ್ತರಿಸಿದ ನರ ಮತ್ತೆ ಮೊದಲಿನಂತಾಗಲ್ಲ. ಗುರುತಿಸಿದ ನರಕ್ಕೆ ಬ್ಲಾಕ್ ಕೊಟ್ಟಾಗ ನೋವು ಹೋಗಿರಬೇಕು, ಮಾತ್ರೆ, ಫಿಸಿಯೋ ಎಲ್ಲಾ ಸರಿಯಾಗಿ ಮಾಡಿ ಸೋತಿರಬೇಕು, ಮೊದಲ ಆಪರೇಷನ್ ಆಗಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಳೆದಿರಬೇಕು. ಪೆಟ್ಟಾದ ನರ ಬೆಳೆಯೋದು ದಿನಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್, ಅದಕ್ಕೆ ಸಮಯ ಕೊಡ್ಬೇಕಲ್ವಾ.

ಪರ್ವೀಜ್ ಅಮಿದ್ ಅನ್ನೋ ಸರ್ಜನ್ 1995ರಲ್ಲಿ ಮೂರೂ ನರಗಳನ್ನ ಒಟ್ಟಿಗೇ ತೆಗೆಯೋ ಪದ್ಧತಿ ವಿವರಿಸಿದ್ರು, ಟ್ರಿಪಲ್ ನ್ಯೂರೆಕ್ಟಮಿ ಅಂತಾರೆ. ಒಂದೇ ನೋಯ್ತಿರೋವಾಗ ಮೂರು ಯಾಕೆ ಅಂತ ನಾನೂ ಕೇಳಿದ್ದೆ. ಈ ನರಗಳು ಒಂದಕ್ಕೊಂದು ಕವಲು ಕೂಡಿಕೊಂಡಿರ್ತವೆ, ಒಂದನ್ನ ತೆಗೆದ್ರೆ ಪಕ್ಕದ್ದರ ದಾರಿಯಲ್ಲಿ ನೋವು ಉಳೀಬಹುದು, ಗಾಯದ ಗಡಸಿನಲ್ಲಿ ಯಾವುದು ಯಾವುದು ಅಂತ ಬಿಡಿಸೋದೂ ಕಷ್ಟ. ಆದ್ರೆ ಬ್ಲಾಕ್‌ನಲ್ಲಿ ಸ್ಪಷ್ಟವಾಗಿ ಒಂದೇ ನರ ಸಿಕ್ಕವರಿಗೆ ಅದೊಂದನ್ನೇ ತೆಗೆಯೋ ಸರ್ಜನ್ನರೂ ಇದ್ದಾರೆ. ಲ್ಯಾಪ್ರೋಸ್ಕೋಪಿ ಮೂಲಕ ಹಿಂದಿನಿಂದ, ಹಳೇ ಗಾಯ ಮುಟ್ಟದೇ, ಬೆನ್ನಿನ ಹತ್ರವೇ ನರಗಳನ್ನ ಕತ್ತರಿಸೋ ದಾರಿನೂ ಇದೆ, ಮೊದಲ ಮೆಶ್ ಲ್ಯಾಪ್ರೋಸ್ಕೋಪಿಯಲ್ಲಿ ಹಾಕಿದವರಿಗೆ ನರ ಮೆಶ್‌ಗಿಂತ ಮೇಲೆ ಸಿಗಬೇಕಾದ್ರೆ ಹೆಚ್ಚಾಗಿ ಇದೇ ದಾರಿ.

ಬದಲಿಗೆ ತೆರಬೇಕಾದ ಬೆಲೆ: ತೊಡೆಸಂದು, ಜನನಾಂಗದ ಬುಡ, ತೊಡೆ ಮೇಲ್ಭಾಗ ಕಾಯಂ ಮರಗಟ್ಟೋದು. ಬೆನ್ನಿನ ಹತ್ರ ಕತ್ತರಿಸಿದ್ರೆ ಆ ಕಡೆ ಹೊಟ್ಟೆಯ ಸ್ನಾಯು ಸಡಿಲವಾಗಿ ಉಬ್ಬಿದ ಹಾಗೆ ಕಾಣಬಹುದು. ಕತ್ತರಿಸಿದ ತುದಿಯಲ್ಲಿ ನ್ಯೂರೋಮಾ ಅನ್ನೋ ಗಂಟು ಬೆಳೆದು ಅದೇ ನೋಯಬಹುದು, ಅದಕ್ಕೆ ತುದಿಯನ್ನ ಸ್ನಾಯುವಿನೊಳಗೆ ಹುದುಗಿಸ್ತಾರೆ. ಬಹಳ ಜನಕ್ಕೆ ನಿಜವಾಗ್ಲೂ ಗುಣ ಆಗತ್ತೆ, ಆದ್ರೆ ಎಲ್ಲರಿಗೂ ಅಲ್ಲ. ಈ ಆಪರೇಷನ್ ಎಷ್ಟು ಮಾಡಿದ್ದೀರಿ, ನೋವು ಹೋಗದವರು ಎಷ್ಟು ಜನ ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೆ ಬೇಜಾರಾಗೋ ಸರ್ಜನ್ ಹತ್ರ ನಾನಂತೂ ಮಾಡಿಸಲ್ಲ.

ಮೆಶ್ ತೆಗೆಸಿಬಿಟ್ರೆ ಎಲ್ಲಾ ಸರಿ ಹೋಗಲ್ವಾ?

ಮೆಶ್ ಮಡಚಿ ಗಂಟಾಗಿದ್ರೆ, ಸೋಂಕಾಗಿದ್ರೆ, ಒತ್ತಿದ ಹಾಗೆ ಎಳೆದ ಹಾಗೆ ನೋವಿದ್ರೆ ಅದು ಪ್ರಯೋಜನಕ್ಕೆ ಬರತ್ತೆ, ಬರೀ ನರದ ಉರಿಗೆ ಮೆಶ್ ಒಂದನ್ನೇ ತೆಗೆದ್ರೆ ಉರಿ ಹೋಗದೇ ಇರಬಹುದು. ಅದು ಗೋಡೆಗೆ ಅಂಟಿದ ಪೋಸ್ಟರ್ ತರ ಕೀಳೋಕೆ ಬರಲ್ಲ, ಒಳಗೆ ಬೆಳೆದು ಹೋಗಿರತ್ತೆ. ಪಕ್ಕದಲ್ಲೇ ದೊಡ್ಡ ರಕ್ತನಾಳ, ವೀರ್ಯನಾಳ ಇವೆ, ವೃಷಣಕ್ಕೆ ರಕ್ತ ಕಮ್ಮಿಯಾಗಿ ಅದು ಕುಗ್ಗೋ ಅಪಾಯ ಇದೆ, ಹರ್ನಿಯಾ ಮತ್ತೆ ಬರಬಹುದು.

ವೃಷಣದಲ್ಲಿ ನೋವು, ಸಂಭೋಗದ ಕೊನೆಗೆ ಉರಿ, ಯಾರಿಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ

ಈ ಪ್ರಶ್ನೆಯನ್ನ ಫೋನ್ ಇಡೋಕೆ ಮುಂಚೆ ದನಿ ತಗ್ಗಿಸಿ ಕೇಳೋರೇ ಹೆಚ್ಚು. ನೀವೊಬ್ಬರೇ ಅಲ್ಲ, ಡಾಕ್ಟರಿಗೆ ಹೇಳಲೇಬೇಕು, ಯಾಕಂದ್ರೆ ಚಿಕಿತ್ಸೆ ಇದರ ಮೇಲೆ ಬದಲಾಗತ್ತೆ. ವೃಷಣದ ಚೀಲದ ಚರ್ಮ ಉರಿಯೋದು ಬೇರೆ, ಒಳಗಿನ ವೃಷಣವೇ ನೋಯೋದು ಬೇರೆ. ಚರ್ಮದ ಉರಿ ಹೆಚ್ಚಾಗಿ ಜೆನಿಟಲ್ ಕವಲಿನದ್ದು ಅಥವಾ ಇಲಿಯೋಇಂಗ್ವಿನಲ್ ನರದ್ದು. ಒಳಗಿನ ನೋವು ವೀರ್ಯನಾಳದ ಜೊತೆ ಹೋಗೋ ಸೂಕ್ಷ್ಮ ನರಗಳದ್ದು, ಮೂರು ನರ ಕತ್ತರಿಸಿದ್ರೂ ಅದು ಹೋಗಲ್ಲ. ವೀರ್ಯ ಹೊರಬರೋವಾಗಿನ ಉರಿಗೆ ವೀರ್ಯನಾಳ ಗಡಸಿನಲ್ಲಿ ಸಿಕ್ಕಿ ಮಡಚಿರೋದೂ ಕಾರಣ ಇರಬಹುದು. ಯೂರಾಲಜಿಸ್ಟ್ (ಮೂತ್ರ, ಗಂಡಸರ ಜನನಾಂಗದ ತಜ್ಞ) ಒಬ್ರಿಗೆ ತೋರಿಸಿ. ಸಂಗಾತಿಗೂ ಹೇಳಿಬಿಡಿ, ದೂರ ಸರಿಯೋದಕ್ಕೆ ಕಾರಣ ನೋವು ಅಂತ ಗೊತ್ತಿಲ್ಲದಿದ್ರೆ ಅವರು ಬೇರೇನೋ ಅಂದ್ಕೋತಾರೆ.

ಇನ್ನೊಂದು ಕಡೆನೂ ಹರ್ನಿಯಾ ಬಂದಿದೆ, ಮಾಡಿಸೋಕೆ ಧೈರ್ಯ ಇಲ್ಲ

ನಂಗೂ ಎಡಗಡೆ ಸಣ್ಣದೊಂದು ಇದೆ. ಗಂಡಸರಲ್ಲಿ ನೋವು ಕೊಡದ, ಸಣ್ಣ, ಒಳಗೆ ತಳ್ಳಿದ್ರೆ ಹೋಗೋ ಹರ್ನಿಯಾನ ಡಾಕ್ಟರ್ ಕಣ್ಗಾವಲಲ್ಲಿ ಕಾದು ನೋಡೋದು ಒಪ್ಪಿರೋ ದಾರಿ, ಮುಂದೊಂದು ದಿನ ಬಹಳಷ್ಟು ಜನಕ್ಕೆ ಆಪರೇಷನ್ ಬೇಕಾಗತ್ತೆ ಅನ್ನೋದು ಬೇರೆ ಮಾತು. ಹೆಂಗಸರಲ್ಲಿ ಹೀಗೆ ಕಾಯೋಕೆ ಹೇಳಲ್ಲ, ತೊಡೆಯ ಮೇಲ್ಭಾಗದ ಫೆಮರಲ್ ಹರ್ನಿಯಾ ಇದ್ರೆ ಅದು ಸಿಕ್ಕಿಕೊಳ್ಳೋ ಅಪಾಯ ಜಾಸ್ತಿ. ಮಾಡಿಸೋದೇ ಆದ್ರೆ ಮೊದಲ ಸಲದ ಕಥೆಯನ್ನ, ಆ ಮ್ಯಾಪಿನ ಫೋಟೋ, ಬ್ಲಾಕ್ ದಿನದ ಪೇಪರ್ ಸಮೇತ ಸರ್ಜನ್ ಮುಂದಿಡಿ. ಮೊದಲನೇದು ತೆರೆದು ಮಾಡಿದ್ರೆ ಇದನ್ನ ಲ್ಯಾಪ್ರೋಸ್ಕೋಪಿಯಲ್ಲಿ ಮಾಡೋಕಾಗತ್ತಾ, ಟ್ಯಾಕ್ ಇಲ್ಲದೇ ಮೆಶ್ ಕೂರಿಸೋಕಾಗತ್ತಾ, ನರಗಳನ್ನ ಗುರುತಿಸಿ ಉಳಿಸ್ತೀರಾ, ಆಪರೇಷನ್ ದಿನವೇ ಬ್ಲಾಕ್ ಕೊಡ್ತೀರಾ ಅಂತ ಕೇಳಿ. ನಾನು ಇದೇ ನಾಲ್ಕು ಪ್ರಶ್ನೆ ಬರೆದ ಚೀಟಿಯನ್ನ ರಿಪೋರ್ಟ್ ಫೈಲಿನ ಮೊದಲ ಹಾಳೆಗೆ ಪಿನ್ ಹಾಕಿ ಇಟ್ಕೊಂಡಿದೀನಿ.